ಚರಗದ ದಿನ ವಿಜಯಶ್ರೀ ನಕ್ಕಿದ್ದು

ನನ್ನ ತಮ್ಮನ ಮಗಳು ವಿಜಯಶ್ರೀಗೆ ಅಂಜಿಕೆ ಎಂದರೆ ಏನೆಂದೇ ಗೊತ್ತಿಲ್ಲ ಎಂದು ಅವರ ಊರಾದ ತಾಂಬಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಸದಾ ನಗುಮುಖ, ಯಾವಾಗಲೂ ಹುರುಪು, ನಾಲ್ಕು ಜನ ಕೂತಲ್ಲಿಗೆ ಹೋಗಿ ಎಲ್ಲರನ್ನೂ ನಗಿಸಿ ಬರುವ ಹುಡುಗಿ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅಂಜಿಕೆ ಗೊತ್ತಿಲ್ಲದ ಮನುಷ್ಯರು ಎಲ್ಲಾದರೂ ಇರುತ್ತಾರೆಯೇ? ನಾನು ಹೂವಿನ ಹಿಪ್ಪರಗಿಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವವಳು. ಮಕ್ಕಳ ಮುಖ ನೋಡುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಹಸಿದು ಬಂದ ಮಗು ನಗುವುದು ಬೇರೆ, ಮನೆಯಲ್ಲಿ ಹೊಡೆತ ತಿಂದು ಬಂದ ಮಗು ನಗುವುದು ಬೇರೆ. ವಿಜಿಯ ನಗುವಿನಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಮೊದಲಿನಿಂದಲೂ ಗುಮಾನಿ ಇತ್ತು.

ಅದು ಶುರುವಾದದ್ದು ಅವಳು ಸಣ್ಣವಳಿದ್ದಾಗ. ಅವಳ ತಾಯಿ ಕಸ್ತೂರೆವ್ವನ ಹೊಟ್ಟೆಯಲ್ಲಿ ಗಡ್ಡೆಯಾಗಿ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಆಪರೇಷನ್ನಿನ ಮುನ್ನಾದಿನ ತಾಯಿಯನ್ನು ನೋಡಲು ಮಗಳನ್ನು ಒಳಗೆ ಬಿಟ್ಟರು. ಬಾಗಿಲ ಹೊರಗೆ ನನ್ನ ತಮ್ಮ ಬಸಂತರಾಯ ಮೊಣಕಾಲೂರಿ ಕೂತು ಮಗಳ ಕಣ್ಣು ಒರೆಸಿದ.

"ಒಳಗ ಹೋದ ಮ್ಯಾಲ ಅಳಬ್ಯಾಡ ವಿಜಿ. ನೀ ಅತ್ರ ಅವ್ವನ ಜೀವ ಸಣ್ಣದಾಗತೈತಿ. ನಕ್ಕೋತ ಹೋಗು" ಎಂದ.

ಆ ಕೂಸು ಲಂಗದ ಅಂಚಿನಿಂದ ಮೂಗು ಒರೆಸಿಕೊಂಡು, ಹಲ್ಲು ತೋರಿಸುತ್ತ ಒಳಗೆ ಹೋಯಿತು. ವೈದ್ಯರ ಕೈಗುಣ ಚೆನ್ನಾಗಿತ್ತು, ಕಸ್ತೂರೆವ್ವ ಉಳಿದಳು. ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಕೂಸಿನ ಗಲ್ಲ ಹಿಡಿದು, "ನಿನ್ನ ನಗಿ ನೋಡೇ ನಿಮ್ಮವ್ವ ಉಳದಾಳವಾ" ಎಂದರು. ಪ್ರೀತಿಯಿಂದಲೇ ಅಂದರು, ಅಂದು ಮರೆತೂಬಿಟ್ಟರು. ಮರೆಯದೆ ಇದ್ದವಳು ಅವಳೊಬ್ಬಳೇ. ತಾನು ನಗುವುದನ್ನು ಬಿಟ್ಟರೆ ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆ ಅವಳ ಎದೆಯಲ್ಲಿ ಆವತ್ತೇ ಕೂತಿತು.

ಅದರ ಮೇಲೆ ಇನ್ನೊಂದು ಬಂತು. ಬಸಂತರಾಯ ಕೆಟ್ಟವನಲ್ಲ. ನಿಂಬೆ ತೋಟ, ಜೋಳದ ಹೊಲ, ಊರಲ್ಲಿ ನಾಲ್ಕು ಜನರ ಮರ್ಯಾದೆ ಇದ್ದವನು. ಆದರೆ ಯಾರಾದರೂ ಮೈಕು ಹಿಡಿದು ಹೇಳಿದ ಮಾತನ್ನು ಹಾಗೇ ನುಂಗಿಬಿಡುವ ಸ್ವಭಾವ. ಒಮ್ಮೆ ಸಿಂದಗಿಯಲ್ಲಿ ಊರೂರು ತಿರುಗುವ ಭಾಷಣಕಾರನೊಬ್ಬ ನಡೆಸಿದ ಶಿಬಿರಕ್ಕೆ ಹೋದ. ಹೋಗುವಾಗ ಸರಿಯಾಗಿಯೇ ಇದ್ದ, ಬರುವಾಗ ಪಾಸಿಟಿವ್ ಆಗಿ ಬಂದ. ಕರೋನಾದ ಕಾಲದಲ್ಲಿ ಆ ಶಬ್ದ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದವನು ಈಗ ಅದನ್ನೇ ಮನೆಮಂದಿಗೆಲ್ಲ ಹಂಚತೊಡಗಿದ. ಪಡಸಾಲೆಯ ಗೋಡೆಗೆ ಹಲಗೆ ಹಾಕಿಸಿದ: 'ಈ ಮನೆಯಲ್ಲಿ ಕೆಟ್ಟ ಮಾತಿಗೆ ಪ್ರವೇಶವಿಲ್ಲ.' ಬೆಳಗಿನ ಚಹಾದ ಹೊತ್ತಿಗೆ ಎಲ್ಲರೂ ಒಂದೊಂದು ಒಳ್ಳೆಯ ಮಾತು ಹೇಳಬೇಕು. ತಲೆ ನೋಯುತ್ತಿದೆ ಅನ್ನುವ ಹಾಗಿಲ್ಲ, ಬೇಜಾರಾಗಿದೆ ಅನ್ನುವ ಹಾಗಿಲ್ಲ.

ನಾನು ಒಮ್ಮೆ ಹೋದಾಗ, ನಿಂಬೆಹಣ್ಣಿನ ದರ ಬಿದ್ದಿದೆಯಂತಲ್ಲ ಎಂದೆ.

"ಬಿದ್ದೈತಿ ಅನಬ್ಯಾಡಕ್ಕಾ. ಏರೂ ರೇಟ ಇನ್ನಾ ದಾರ್ಯಾಗ ಐತಿ ಅನ್ನು" ಎಂದ.

"ಹಂಗಾರ ನಿನ್ನ ಬುದ್ಧೀನೂ ದಾರ್ಯಾಗ ಐತಿ ಬಿಡು" ಎಂದೆ.

ಕಸ್ತೂರೆವ್ವ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ವಿಜಿಯೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ನಕ್ಕವಳೇ ಎದ್ದು ಬಚ್ಚಲಿಗೆ ಹೋಗಿ ನಳ ತಿರುವಿದಳು. ನೀರು ಸುಮ್ಮನೆ ಸುರಿಯುವ ಸಪ್ಪಳ ಬಹಳ ಹೊತ್ತು ಕೇಳುತ್ತಿತ್ತು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. "ಸಾಬೂನು ಕಣ್ಣಾಗ ಹೋತ್ರಿ ಅತ್ತಿ" ಎಂದಳು. ಆ ಮನೆಯಲ್ಲಿ ಸಾಬೂನು ಅವಳೊಬ್ಬಳ ಕಣ್ಣಿಗೇ ಅಷ್ಟು ಸಲ ಯಾಕೆ ಹೋಗುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ.

ಅವಳು ಇಂಡಿ ಪಟ್ಟಣದ ಕಾಲೇಜಿಗೆ ಸೇರಿದ ಮೇಲೆ ದೀಪಾವಳಿಯ ರಜೆಯಲ್ಲಿ ನನ್ನ ಮನೆಗೆ ಬಂದಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಹಸಿಯಾಗಿದ್ದವು. ಊಟ ಸೇರುತ್ತಿರಲಿಲ್ಲ. ಗೆಳತಿ ಅಫ್ರೀನ ಹೇಗಿದ್ದಾಳೆ ಎಂದು ಕೇಳಿದೆ. ಇವಳ ಜೊತೆ ಮಾತು ಬಿಟ್ಟಿದ್ದಾಳೆ ಎಂದು ತಿಳಿಯಿತು. ಅಫ್ರೀನ ಇವಳ ಕಣ್ಣೆದುರೇ ಸ್ಕೂಟಿಯಿಂದ ಬಿದ್ದು ತಲೆ ಒಡೆದುಕೊಂಡಳಂತೆ. ಆಗ ಇವಳು ರಸ್ತೆಯ ನಡುವೆ ನಿಂತು ನಕ್ಕಳಂತೆ.

"ನಾ ಬೇಕಂತ ನಗಲಿಲ್ರಿ ಅತ್ತಿ" ಎಂದಳು ವಿಜಿ. "ರಕ್ತ ನೋಡಿ ಭಾಳ ಅಂಜಿಕಿ ಆತು. ಅಂಜಿಕಿ ಆದ್ರ ನನಗ ನಗೀನ ಬರತೈತ್ರಿ. ಬ್ಯಾರೆ ಏನೂ ಬರೂದ ಇಲ್ಲ. ಎಷ್ಟ ಅಂಜತೇನಿ ಅಷ್ಟ ನಗತೇನಿ." ಹೇಳಿ ಮುಗಿಸಿ ಅದಕ್ಕೂ ನಕ್ಕಳು.

ಆ ವಾರವೇ ತಾಂಬಾಕ್ಕೆ ಹೋಗಿ ತಮ್ಮನನ್ನು ಕೂರಿಸಿಕೊಂಡು ಹೇಳಿದೆ. ಈ ಹುಡುಗಿ ಒಳಗೊಳಗೇ ನಡುಗುತ್ತಿದ್ದಾಳೆ, ಯಾರಾದರೂ ತಿಳಿದ ಡಾಕ್ಟರಿಗೆ ತೋರಿಸೋಣ ಎಂದೆ. ಅವನು ಗೋಡೆಯ ಹಲಗೆ ತೋರಿಸಿದ. "ನನ್ನ ಮಗಳು ಹುಲಿ ಇದ್ದಂಗ ಅದಾಳಕ್ಕಾ. ನೀನ ಸುಮ್ಸುಮ್ನ ಅಕಿ ತಲ್ಯಾಗ ಹುಳ ಬಿಡಬ್ಯಾಡ" ಎಂದ. ಜಗಳವಾಡಿಕೊಂಡು ಬಂದೆ. ಎಳ್ಳಮಾಸಿಗೆ ಅವನೇ ಫೋನು ಮಾಡಿ ಕರೆದ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಭೂಮಿತಾಯಿಯ ಬಯಕೆಯ ದಿನ. ಜೋಳದ ತೆನೆ ಹಾಲುಗಟ್ಟುವ ಹೊತ್ತು, ಬಸುರಿಗೆ ಉಣಿಸಿದ ಹಾಗೆ ಹೊಲಕ್ಕೆ ಉಣಿಸಬೇಕು. ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ ಹೊಲದ ಸುತ್ತ ಚೆಲ್ಲುತ್ತ ಬರಬೇಕು. ಅದೇ ಚರಗ. ಮುಂದಿನವನು ಕೂಗು ಹಾಕುತ್ತ ಚೆಲ್ಲುತ್ತಾನೆ, ಹಿಂದಿನವರು ತಂಬಿಗೆಯಿಂದ ನೀರು ಬಿಡುತ್ತ ಹೋಗುತ್ತಾರೆ. ನಮ್ಮ ಮನೆತನದಲ್ಲಿ ಇದಕ್ಕೆ ಕಟ್ಟಳೆ ಜಾಸ್ತಿ. ಬರಿಗಾಲಲ್ಲಿ ನಡೆಯಬೇಕು, ಸುತ್ತು ಮುಗಿಯುವ ತನಕ ನಿಲ್ಲಬಾರದು. ಆವತ್ತು ಹೊಲದಲ್ಲಿ ಕಣ್ಣೀರು ಬೀಳಬಾರದು, ಕೆಟ್ಟ ಮಾತು ಬರಬಾರದು. ಹಾವು ಎಂಬ ಹೆಸರನ್ನಂತೂ ಎತ್ತಲೇಬಾರದು, ಕಂಡರೂ ಹುಳ ಎನ್ನಬೇಕು. ಈ ಹಳೆಯ ಕಟ್ಟಳೆಯೂ ಬಸಂತರಾಯನ ಹೊಸ ಹಲಗೆಯೂ ಒಂದನ್ನೊಂದು ತಬ್ಬಿಕೊಂಡುಬಿಟ್ಟಿದ್ದವು.

ಆ ವರ್ಷ ಇನ್ನೊಂದು ಕಾರಣವೂ ಇತ್ತು. ವಿಜಿಯ ಅಣ್ಣ ಕಲ್ಮೇಶನಿಗೆ ಹೆಣ್ಣು ಗೊತ್ತಾಗಿ, ಮುದ್ದೇಬಿಹಾಳದ ಬೀಗರು ಮೊದಲ ಸಲ ಹೊಲಕ್ಕೆ ಉಣ್ಣಲು ಬಂದಿದ್ದರು. ಟ್ರ್ಯಾಕ್ಟರ್ ಇಳಿಯುವ ಮೊದಲೇ ಬಸಂತರಾಯ ನಮ್ಮೆಲ್ಲರಿಗೂ ತಾಕೀತು ಮಾಡಿದ. "ಇವತ್ತ ಒಂದ ಕೆಟ್ಟ ಮಾತ ಬರಬಾರದು. ವಿಜಿ, ಬೀಗರ ಮುಂದ ನಿನ್ನ ನಗೀನ ನಮಗ ಸಿಂಗಾರ ನೋಡವಾ."

"ಹೂನಪ್ಪಾ" ಎಂದಳು ವಿಜಿ.

ಕಲ್ಮೇಶ ಬುಟ್ಟಿ ಹಿಡಿದು ಕೂಗು ಹಾಕುತ್ತ ಹೊರಟ. ಅವನ ಹಿಂದೆ ತಾಮ್ರದ ತಂಬಿಗೆ ಹಿಡಿದು ವಿಜಿ. ಜೋಳ ಆಳೆತ್ತರ ನಿಂತಿತ್ತು. ಇಬ್ಬರೂ ಒಡ್ಡಿನ ಗುಂಟ ಹೋಗಿ ಮರೆಯಾದರು, ಕೂಗು ಮಾತ್ರ ಕೇಳುತ್ತಿತ್ತು. ನಾನೂ ಕಸ್ತೂರೆವ್ವನೂ ಗಿಡದ ನೆರಳಿನಲ್ಲಿ ತಾಟು ಹಚ್ಚುತ್ತಿದ್ದೆವು. ಆಚೆ ಮೂಲೆಯ ತೊಗರಿ ಸಾಲಿನ ಕಡೆಯಿಂದ ಇದ್ದಕ್ಕಿದ್ದಂತೆ ವಿಜಿ ನಕ್ಕದ್ದು ಕೇಳಿಸಿತು. ಒಂದೇ ಸಮನೆ, ಉಸಿರು ಸಿಕ್ಕುವ ಹಾಗೆ.

ಬೀಗರ ಹೆಣ್ಣುಮಗಳೊಬ್ಬಳು, "ಹುಡುಗಿ ಎಷ್ಟ ಛಂದ ನಗತಾಳ್ರಿ" ಎಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಎಷ್ಟು ಅಂಜುತ್ತೇನೋ ಅಷ್ಟು ನಗುತ್ತೇನೆ ಎಂದಿದ್ದಳಲ್ಲ. ಎದ್ದು ನಿಂತು ನೋಡಿದೆ, ಜೋಳದ ತೆನೆ ಬಿಟ್ಟರೆ ಏನೂ ಕಾಣಲಿಲ್ಲ. ಕಲ್ಮೇಶನ ಕೂಗು ಮೊದಲಿನಂತೆಯೇ ಮುಂದುವರಿಯುತ್ತಿತ್ತು.

ಸುತ್ತು ಮುಗಿಸಿ ಇಬ್ಬರೂ ಬಂದರು. "ಏನ ಆತು, ಹಂಗ ನಕ್ಕಿ?" ಎಂದು ಕೇಳಿದೆ. "ಕಾಲ ಜಾರಿತ್ರಿ ಅತ್ತಿ, ನೀರ ಚೆಲ್ಲಿಕೊಂಡೆ" ಎಂದಳು. ಕಲ್ಮೇಶನೂ ಹಾಗೇ ತಿಳಿದಿದ್ದ, ತಿರುಗಿ ನೋಡಿರಲಿಲ್ಲ. ಅವಳು ತಾಟು ಹಂಚಿದಳು, ಬೀಗರಿಗೆ ಹೋಳಿಗೆಯ ಮೇಲೆ ತುಪ್ಪ ಬಡಿಸಿದಳು. ನಮ್ಮ ಮನೆಯ ಹಳೆಯ ಬಳಕೆಯ ಮಶಾಕಸಾಬ ತನ್ನ ಟಂಟಂ ಆಟೋ ತೆಗೆದುಕೊಂಡು ಪ್ರತಿ ವರ್ಷದಂತೆ ಊಟಕ್ಕೆ ಬಂದಿದ್ದ. ಅವನು ಏನಾದರೊಂದು ಚಾಷ್ಟಿ ಮಾತು ಆಡಿದರೆ ವಿಜಿ ಮಾತು ಮುಗಿಯುವ ಮೊದಲೇ ನಗುತ್ತಿದ್ದಳು. ಬಸಂತರಾಯ ಮೀಸೆಯೊಳಗೆ ಹಿಗ್ಗುತ್ತಿದ್ದ.

ಅವಳು ನೀರು ಹಾಕಲು ನನ್ನೆದುರು ಬಾಗಿದಾಗ ಸೀರೆಯ ಅಂಚಿನ ಕೆಳಗೆ ಬಲಗಾಲು ಕಂಡಿತು. ಹಿಮ್ಮಡಿಯ ಮೇಲೆ ಬಾವು ಬಂದಿತ್ತು. ಚರ್ಮ ನೀಲಿಗಟ್ಟಿತ್ತು.

"ಇದೇನ?"

"ಮುಳ್ಳ ಚುಚ್ಚೈತ್ರಿ."

ಮುಖ ಎತ್ತಿ ನೋಡಿದೆ. ರೆಪ್ಪೆಗಳು ಅರ್ಧ ಇಳಿದಿದ್ದವು. ನಡು ಮಧ್ಯಾಹ್ನ, ಹಬ್ಬದ ಗದ್ದಲ, ಹುಡುಗಿ ನಿದ್ದೆಗಣ್ಣಿನಲ್ಲಿ ನೋಡುವ ಹಾಗೆ ನೋಡುತ್ತಿದ್ದಾಳೆ. ಅವಳ ಕೈ ಹಿಡಿದು ಜೋಳದ ಕಣಿಕೆಯ ಕೊಂಪೆಯ ಹಿಂದಕ್ಕೆ ಕರೆದುಕೊಂಡು ಹೋದೆ. ನಡೆಯುವಾಗ ನನ್ನ ಮೇಲೆ ಭಾರ ಹಾಕಿದಳು.

"ವಿಜಿ, ಖರೆ ಹೇಳು. ಏನ ಕಡೀತು?"

"ಏನಿಲ್ರಿ. ಆರಾಮ ಅದೀನಿ." ದನಿ ದಪ್ಪಗಾಗಿತ್ತು, ಮೂಗಿನಿಂದ ಬರುತ್ತಿತ್ತು.

ನಾನು ತಮ್ಮನನ್ನು ಕೂಗಿದೆ. ಕೂಗಿದ ರೀತಿಗೆ ಎಲ್ಲರೂ ಎದ್ದು ಬಂದರು. ಬಸಂತರಾಯ ಬರುತ್ತಲೇ ದನಿ ತಗ್ಗಿಸಿ, "ಅಕ್ಕಾ, ಬೀಗರು ಕೇಳಾಕತ್ತಾರ. ಇವತ್ತೊಂದ ದಿನ ಅಪಶಕುನ ತಗೀಬ್ಯಾಡ" ಎಂದ. ಆಮೇಲೆ ಮಗಳ ಕಡೆ ತಿರುಗಿದ. "ಏನೂ ಆಗಿಲ್ಲ ಹೌದಿಲ್ಲೋ ವಿಜಿ? ನಗು ನೋಡೂಣು. ನಿಮ್ಮತ್ತಿಗೆ ನಕ್ಕ ತೋರಸು."

ವಿಜಿ ಅಪ್ಪನನ್ನು ನೋಡಿದಳು. ನಗಲು ಹೊರಟಳು. ನಗು ಬರಲಿಲ್ಲ.

ಅವಳ ತುಟಿ ಸ್ವಲ್ಪ ಅಲುಗಿ ಸುಮ್ಮನಾಯಿತು. ಮತ್ತೊಮ್ಮೆ ಪ್ರಯತ್ನಪಟ್ಟಳು. ಗಲ್ಲ ಕದಲಲಿಲ್ಲ. ಆಗ ಆ ಹುಡುಗಿ ಏನು ಮಾಡಿದಳೆಂದರೆ, ಕೈ ಎತ್ತಿ, ತೋರುಬೆರಳಿನಿಂದ ತನ್ನ ತುಟಿಯ ಅಂಚನ್ನು ಮೇಲಕ್ಕೆ ತಳ್ಳಿ ಹಿಡಿದಳು. ಅಪ್ಪನಿಗೆ ತೋರಿಸಲು. ಬೆರಳು ಜಾರಿದಾಗ ತುಟಿಯೂ ಕೆಳಗಿಳಿಯಿತು. ನಾನು ಬದುಕಿನಲ್ಲಿ ಎಷ್ಟೋ ಹೆಣ ನೋಡಿದ್ದೇನೆ, ಅಪಘಾತ ನೋಡಿದ್ದೇನೆ. ಅಷ್ಟು ಹೆದರಿಕೆ ನನಗೆ ಯಾವುದರಿಂದಲೂ ಆಗಿರಲಿಲ್ಲ. ಕಸ್ತೂರೆವ್ವ ಬಾಯಿಗೆ ಕೈ ಹಚ್ಚಿಕೊಂಡು ನೆಲಕ್ಕೆ ಕುಸಿದಳು.

ನಾನು ಅವಳ ಕೈಯನ್ನು ಮುಖದಿಂದ ಬಿಡಿಸಿ ನನ್ನ ಎದೆಗೆ ಒತ್ತಿಕೊಂಡೆ. "ಅಂಜಿಕಿ ಆಗೈತೇನ ತಂಗೀ?"

ತಲೆ ಆಡಿಸಿದಳು. "ಹುಳ... ಅತ್ತಿ. ತೊಗರ್ಯಾಗ. ಹೆಡಿ ಬಿಚ್ಚಿತ್ತು."

"ಆಗ ಯಾಕ ಹೇಳಲಿಲ್ಲ?"

"ಚರಗ ನಿಲ್ಲತಿತ್ತು... ಅಪ್ಪಗ ಕೆಟ್ಟ ಅನಸತಿತ್ತು."

ಅಷ್ಟು ಹೊತ್ತು, ನಾವು ಹೋಳಿಗೆ ತಿನ್ನುತ್ತ ಕೂತಿದ್ದಾಗ, ವಿಷ ಅವಳ ಮೈಯಲ್ಲಿ ಹರಿದಾಡುತ್ತಿತ್ತು. ಅವಳು ಅದನ್ನು ಇಟ್ಟುಕೊಂಡೇ ನಮಗೆ ತುಪ್ಪ ಬಡಿಸುತ್ತಿದ್ದಳು.

ಮಶಾಕಸಾಬ ಆಗಲೇ ಓಡಿಹೋಗಿ ಟಂಟಂ ಚಾಲೂ ಮಾಡಿದ್ದ. ಕಲ್ಮೇಶ ತಂಗಿಯನ್ನು ಎತ್ತಿಕೊಂಡು ಬಂದು ಹಿಂದೆ ಮಲಗಿಸಿ ಮುಂದೆ ಹತ್ತಿದ. ಅವಳ ತಲೆ ಅಪ್ಪನ ತೊಡೆಯ ಮೇಲೆ, ಕಾಲು ಅಲುಗಾಡದ ಹಾಗೆ ನನ್ನ ಕೈಯಲ್ಲಿ. ಹೊಲದ ದಾರಿ ಮುಗಿದು ಡಾಂಬರು ರಸ್ತೆ ಸಿಗುವ ತನಕ ಒಂದೊಂದು ಗುಂಡಿಗೂ ಆ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಇಂಡಿ ಆವತ್ತಿನಷ್ಟು ದೂರ ಯಾವತ್ತೂ ಇರಲಿಲ್ಲ. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ ಉಣ್ಣುತ್ತ, ಕೂಗು ಹಾಕುತ್ತ ಇದ್ದರು.

ಬಸಂತರಾಯ ಮಗಳ ಗಲ್ಲ ತಟ್ಟುತ್ತ ಒಂದೇ ಸಮನೆ ಶುರು ಹಚ್ಚಿದ. "ಏನೂ ಆಗಿಲ್ಲ ನಿನಗ. ನೀ ಹುಲಿ. ಧೈರ್ಯ ತಗೋ, ನಗು, ನಗು ಒಮ್ಮಿ..."

ಮಗಳು ಅಪ್ಪನ ಮಾತು ಕೇಳಿ ಮತ್ತೆ ಕೈ ಎತ್ತಲು ನೋಡುತ್ತಿದ್ದಳು. ಆ ಬೆರಳು ಮತ್ತೆ ತುಟಿಯ ಕಡೆಗೇ ಹೊರಟಿತ್ತು.

"ಬಾಯಿ ಮುಚ್ಚು ಬಸಂತಾ!" ಎಂದು ಕೂಗಿದೆ. ಹುಟ್ಟಿದಾಗಿನಿಂದ ಅವನನ್ನು ಹಾಗೆ ಬೈದಿರಲಿಲ್ಲ. "ಅಕಿ ಸಾಯಾಕತ್ತಾಳ, ನಿನಗ ನಗಿ ಬೇಕೇನ?" ಆಮೇಲೆ ಅವಳ ಕಡೆ ಬಾಗಿದೆ. "ವಿಜಿ, ನಗಬ್ಯಾಡ. ಅಂಜಿಕಿ ಬಂದ್ರ ಬರ್ಲಿ. ಏನೇನ ಆಗಾಕತ್ತೈತಿ ಎಲ್ಲಾ ನನಗ ಹೇಳು. ಒಂದೂ ಮುಚ್ಚಿಡಬ್ಯಾಡ."

ಅವಳು ಹೇಳಿದಳು. ಹುಟ್ಟಿದ ಮೇಲೆ ಮೊದಲ ಸಲ ತನ್ನ ತ್ರಾಸನ್ನು ನಗದೆ ಬಾಯಿಬಿಟ್ಟು ಹೇಳಿದಳು. ನೀವು ಇಬ್ಬಿಬ್ಬರು ಕಾಣುತ್ತೀರಿ ಎಂದಳು. ಉಗುಳು ನುಂಗಲು ಬರುತ್ತಿಲ್ಲ ಎಂದಳು. ಕಾಲು ಸುಡುತ್ತಿದೆ ಎಂದಳು. "ಎದಿ ಮ್ಯಾಲ... ಕಲ್ಲ ಇಟ್ಟಂಗ." ಆಮೇಲೆ, "ಅತ್ತಿ, ಸಾಯತೇನೇನ್ರಿ?" ಎಂದಳು.

ಇಲ್ಲ ಎಂದು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ. "ಗೊತ್ತಿಲ್ಲವ್ವಾ. ನನಗೂ ಅಂಜಿಕಿ ಆಗೈತಿ. ಡಾಕ್ಟರ ಕಡೆ ಹೊಂಟೇವಿ. ನನ್ನ ಕೈ ಬಿಡಬ್ಯಾಡ" ಎಂದೆ. ಅವಳು ಕೈ ಒತ್ತಿದಳು. ಇಂಡಿಯ ಮನೆಗಳು ಕಾಣುವ ಹೊತ್ತಿಗೆ ಮಾತು ನಿಂತಿತ್ತು, ಒತ್ತುವುದೂ ನಿಂತಿತ್ತು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಮಶಾಕಸಾಬ ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಏನಾಯಿತು ಎಂದು ಕೇಳಿದಾಗ ಬಸಂತರಾಯ ನನ್ನ ಮುಖ ನೋಡಿದ. ವಿಜಿ ದಾರಿಯಲ್ಲಿ ಹೇಳಿದ್ದನ್ನೆಲ್ಲ ನಾನು ಹೇಳಿದೆ. ಹೆಡೆ ಬಿಚ್ಚಿತ್ತು ಎಂದದ್ದು, ರೆಪ್ಪೆ ಇಳಿದದ್ದು, ಒಂದು ಎರಡಾಗಿ ಕಂಡದ್ದು, ನುಂಗಲು ಬರದಿದ್ದದ್ದು. ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೈಗೆ ಸಲಾಯಿನ್ ಹಚ್ಚಿ ವಿಷದ ಔಷಧ ಬಿಟ್ಟರು. ಗಂಟಲಿಗೆ ನಳಿಗೆ ಹಾಕಿದರು. ಆಂಬುಲೆನ್ಸ್‌ನಲ್ಲಿ ಒಬ್ಬರು ಉಸಿರಿನ ಚೀಲ ಒತ್ತುತ್ತಲೇ ವಿಜಯಪುರಕ್ಕೆ ಕರೆದೊಯ್ದರು. ಒತ್ತುವ ಕೈ ದಣಿದರೆ ಏನು ಗತಿ ಎಂದು ನಾನು ದಾರಿಯುದ್ದಕ್ಕೂ ಆ ಕೈಯನ್ನೇ ನೋಡುತ್ತ ಕೂತಿದ್ದೆ.

ಮರುದಿನ ಮುಂಜಾನೆ ಐಸಿಯುಗೆ ನಮ್ಮನ್ನು ಬಿಟ್ಟರು. ಯಂತ್ರ ಅವಳಿಗಾಗಿ ಉಸಿರಾಡುತ್ತಿತ್ತು. ಕಣ್ಣು ಮುಚ್ಚಿದ್ದವು, ಒಂದು ಬೆರಳೂ ಅಲುಗುತ್ತಿರಲಿಲ್ಲ. "ಕಣ್ಣ ತಗಿಯಾಕ ಬರೂದಿಲ್ಲ, ಆದ್ರ ಎಲ್ಲಾ ಕೇಳಸತಿರತೈತ್ರಿ" ಎಂದರು ಅಲ್ಲಿನ ಡಾಕ್ಟರ್. "ಮಾತಾಡಸ್ರಿ."

ನನಗೆ ಆ ಮಾತು ಕೇಳಿ ಇನ್ನೂ ಹೆದರಿಕೆಯಾಯಿತು. ಎಲ್ಲ ಕೇಳುತ್ತ, ಏನೂ ಹೇಳಲಾಗದೆ ಮಲಗಿರುವುದು. ಎಷ್ಟೋ ವರ್ಷಗಳಿಂದ ಆ ಹುಡುಗಿ ಬದುಕಿದ್ದು ಹಾಗೆಯೇ ಅಲ್ಲವೇ ಎನ್ನಿಸಿತು.

ಬಸಂತರಾಯ ಮಂಚದ ಪಕ್ಕ ನಿಂತ. ಎರಡು ದಿನದ ಗಡ್ಡ ಬಂದವನ ಹಾಗೆ ಕಾಣುತ್ತಿದ್ದ. "ವಿಜೀ, ನೀ ನನ್ನ ಹುಲಿ..." ಎಂದು ಶುರುಮಾಡಿದ. ಆ ಮಾತನ್ನು ಅಲ್ಲಿಗೇ ಬಿಟ್ಟು ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಂಡ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, "ವಿಜೀ, ನನಗ ಭಾಳ ಅಂಜಿಕಿ ಆಗೈತಿ" ಎಂದ. ಸೊಲ್ಲಾಪುರದಲ್ಲಿ ಕಸ್ತೂರೆವ್ವ ಮಲಗಿದ್ದಾಗಲೂ ತನಗೆ ಹೀಗೇ ಅಂಜಿಕೆಯಾಗಿತ್ತು, ಅವಳ ಮುಂದೆ ತೋರಿಸಲಿಲ್ಲ ಎಂದ. ಅಂದು ಸಣ್ಣ ಹುಡುಗನ ಹಾಗೆ ಬಿಕ್ಕಿದ. ಅವಳಿಗೆ ಕೇಳಿಸಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಯಂತ್ರದ ಸಪ್ಪಳ ಮಾತ್ರ ಬರುತ್ತಿತ್ತು.

ಅವಳು ಉಳಿದಳು. ಮೊದಲು ಬೆರಳು ಅಲುಗಿದವು, ಆಮೇಲೆ ರೆಪ್ಪೆ ಎದ್ದವು. ನಳಿಗೆ ತೆಗೆದು ವಾರ್ಡಿಗೆ ತಂದಾಗ ಮೈಯೆಲ್ಲ ಹಿಂಡಿದ ಬಟ್ಟೆಯ ಹಾಗೆ ಸೋತಿತ್ತು. ಕಾಲಿನ ಗಾಯಕ್ಕೆ ದಪ್ಪ ಬ್ಯಾಂಡೇಜು. ಹೊದಿಕೆ ಸರಿದರೂ ಬೆಚ್ಚಿಬೀಳುತ್ತಿದ್ದಳು. ಏನಾಯಿತು ಎಂದರೆ ಏನಿಲ್ಲ ಎನ್ನುತ್ತಿದ್ದಳು. ಅವಳು ಮತ್ತೆ ಮೊದಲಿನ ವಿಜಿಯೇ ಆಗಿಬಿಡುತ್ತಾಳೇನೋ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ. ಹಾವಿನ ವಿಷಕ್ಕೆ ಔಷಧ ಇದೆ. ಇದಕ್ಕೆ ಏನಿದೆ?

ಒಂದು ದಿನ ಮಧ್ಯಾಹ್ನ ಮುದ್ದೇಬಿಹಾಳದ ಬೀಗರು ಎಳನೀರು, ಮೋಸಂಬಿ ತೆಗೆದುಕೊಂಡು ನೋಡಲು ಬಂದರು. ಒಳ್ಳೆಯ ಜನ. ಹೊಲದಲ್ಲಿ ಅವಳ ನಗುವನ್ನು ಹೊಗಳಿದ್ದ ಹೆಣ್ಣುಮಗಳು ಮಂಚದ ಮೇಲೆ ಕೂತು ತಲೆ ಸವರಿದಳು.

"ಎಲ್ಲಿ ಹೋತವಾ ನಮ್ಮ ನಗುಮುಖ? ಒಮ್ಮಿ ನಕ್ಕ ತೋರಸು. ಅದನ್ನ ನೋಡಾಕ ಇಷ್ಟ ದೂರ ಬಂದೇವಿ."

ವಿಜಿ ಅವಳನ್ನು ನೋಡಿದಳು. ತುಟಿ ಅಲುಗಿದವು. ಮುಖದ ಶಕ್ತಿ ಇನ್ನೂ ಪೂರ್ತಿ ಬಂದಿರಲಿಲ್ಲ, ಒಂದು ಬದಿ ಮಾತ್ರ ತುಸು ಎದ್ದು ಬಿತ್ತು. ಹೊದಿಕೆಯ ಕೆಳಗಿನಿಂದ ಅವಳ ಕೈ ಹೊರಬಂತು. ಸಲಾಯಿನ್ ಸೂಜಿ ಚುಚ್ಚಿದ್ದ ಅದೇ ಕೈ. ತೋರುಬೆರಳು ತುಟಿಯ ಅಂಚಿನ ಕಡೆಗೆ ನಿಧಾನವಾಗಿ ಏರತೊಡಗಿತು.

ನಾನು ಏಳುವಷ್ಟರಲ್ಲಿ ಬಸಂತರಾಯ ಎದ್ದಿದ್ದ. ಆ ಕೈಯನ್ನು ನಡುದಾರಿಯಲ್ಲೇ ಹಿಡಿದ. ಎರಡೂ ಅಂಗೈಯೊಳಗೆ ಮುಚ್ಚಿಕೊಂಡು ಕೆಳಗಿಳಿಸಿದ.

"ಬ್ಯಾಡವ್ವಾ" ಎಂದ. "ಯಾರಿಗೂ ತೋರಸಬ್ಯಾಡ."

ಅವಳು ಅಪ್ಪನ ಮುಖವನ್ನೇ ನೋಡಿದಳು. ನಿಜವೇ ಎಂದು ಕೇಳುವವಳ ಹಾಗೆ ನೋಡಿದಳು. ಅವನು ಕೈ ಬಿಡಲಿಲ್ಲ. ಆಗ ಅವಳ ಎದೆಯೊಳಗಿನಿಂದ ಒಂದು ದನಿ ಬಂತು. ನಳಿಗೆ ಹಾಕಿ ತೆಗೆದ ಗಂಟಲಿನ ಒರಟು ದನಿ. ಸೊಲ್ಲಾಪುರದ ಬಾಗಿಲಲ್ಲಿ ನಿಲ್ಲಿಸಿದ್ದ ಅಳು ಅಲ್ಲಿಂದಲೇ ಮುಂದುವರಿದ ಹಾಗೆ ಅವಳು ಬಾಯಿಬಿಟ್ಟು ಅತ್ತಳು. ಆಚೆ ಮಂಚಗಳವರೆಲ್ಲ ತಿರುಗಿ ನೋಡಿದರು. ಬೀಗರು ಗಾಬರಿಯಾಗಿ ಎದ್ದು ನಿಂತರು. ಕಸ್ತೂರೆವ್ವ ಸುಮ್ಮನಿರಿಸಲು ಹೋದಳು, ನಾನು ಅವಳ ಸೆರಗು ಹಿಡಿದು ಕೂರಿಸಿದೆ.

ಸಪ್ಪಳ ಕೇಳಿ ನರ್ಸು ಓಡಿಬಂದಳು. "ಏನಾತ್ರಿ? ಯಾಕ ಅಳಾಕತ್ತಾಳ?"

ಬಸಂತರಾಯ ಮಗಳ ಕೈ ಹಿಡಿದುಕೊಂಡೇ, ಬೀಗರ ಎದುರಿಗೇ ಹೇಳಿದ.

"ಹಾವ ಕಡದೈತ್ರಿ. ಅಂಜ್ಯಾಳ."